ತೇಲುವ ಸಾಮಾನಿಗೆ ಜಾಗದ ಬಾಡಿಗೆ, ಮುಳುಗುವ ಸಾಮಾನಿಗೆ ತೂಕದ ಬಾಡಿಗೆ

ಹುನಗುಂದದಿಂದ ಇಳಕಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಎರಡು ಬಗೆಯ ಲಾರಿಗಳನ್ನು ನೋಡದವರಿಲ್ಲ. ಒಂದು, ಕ್ವಾರಿಯಿಂದ ಬರುವ ಟ್ರೇಲರ್. ಅದರ ಉದ್ದಾನುದ್ದ ಮೈಮೇಲೆ ಕೆಂಪು ಗ್ರಾನೈಟಿನ ಒಂದೋ ಎರಡೋ ಬ್ಲಾಕು. ಉಳಿದ ಜಾಗದಲ್ಲಿ ಬೀಗರ ಪಂಕ್ತಿಯನ್ನೇ ಕೂರಿಸಬಹುದು. ಆದರೂ ಗಾಡಿ ತಿಣುಕುತ್ತ ಸಾಗುತ್ತದೆ. ಇನ್ನೊಂದು, ಕಡಲೆ ಹೊಟ್ಟು ಹೇರಿದ ಲಾರಿ. ಬಿಗಿದ ಹಗ್ಗವನ್ನೂ ಮೀರಿ ಹೊಟ್ಟು ಎರಡೂ ಬದಿಗೆ ಚಾಚಿಕೊಂಡು ಹಿಂದಿನವರಿಗೆ ದಾರಿಯೇ ಕಾಣುವುದಿಲ್ಲ. ಗಾಡಿ ಮಾತ್ರ ಹಗುರಾಗಿ ಓಡುತ್ತದೆ. ಇಬ್ಬರು ಡ್ರೈವರುಗಳನ್ನೂ ಕೇಳಿ ನೋಡಿ, ಉತ್ತರ ಒಂದೇ: ‘ಫುಲ್ ಲೋಡ್ ಐತ್ರೀ.’

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬನ ಗಾಡಿಗೆ ಇನ್ನು ಹೊರುವ ಶಕ್ತಿಯಿಲ್ಲ, ಇನ್ನೊಬ್ಬನ ಗಾಡಿಯಲ್ಲಿ ಜಾಗವಿಲ್ಲ. ಇಷ್ಟು ನಮಗೆಲ್ಲ ಗೊತ್ತು. ಆದರೆ ಗಂಟುಮೂಟೆ ಕಟ್ಟಿ ಹೊರದೇಶಕ್ಕೆ ಹೊರಟವರು ಪ್ಯಾಕರ್ಸ್ ಅಂಡ್ ಮೂವರ್ಸ್‌ನವರ ಮುಂದೆ ಕೂತಾಗ ಇದೇ ತಿಳಿವಳಿಕೆಯನ್ನು ಮರೆತುಬಿಡುತ್ತಾರೆ.

ಅಲ್ಲೇ ಹತ್ತಿರದ ರಾಮಥಾಳ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗ-ಸೊಸೆಗೆ ನೆದರ್‌ಲ್ಯಾಂಡ್ಸಿನಲ್ಲಿ ಕೆಲಸ ಸಿಕ್ಕಿದೆ. ಹತ್ತು ವರ್ಷವಾದರೂ ಅಲ್ಲೇ ಇರುವ ಯೋಚನೆ. ಕಪಾಟು, ಮಂಚ, ಪಾತ್ರೆ, ಪುಸ್ತಕ, ಮಗುವಿನ ಸೈಕಲ್ಲು, ಅವ್ವ ಹೊಲಿದ ನಾಲ್ಕು ಕೌದಿ, ಅಜ್ಜಿಯ ಕಾಲದ ಬೀಸುಕಲ್ಲು ಎಲ್ಲವೂ ಹಡಗಿನಲ್ಲಿ ರಾಟರ್‌ಡ್ಯಾಮ್ ಬಂದರಿಗೆ ಹೋಗಬೇಕು. ಫೋನಿನ ಆ ಕಡೆಯವರು ಕೇಳುವ ಮೊದಲ ಪ್ರಶ್ನೆ: ‘ಶೇರಿಂಗಾ, ಫುಲ್ ಕಂಟೇನರಾ?’ ಬೇರೆಯವರ ಸಾಮಾನಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಪಾಲು ಪಡೆಯುವುದು ಒಂದು ದಾರಿ. ಪೆಟ್ಟಿಗೆಯನ್ನು ಪೂರ್ತಿ ನಿಮ್ಮ ಹೆಸರಿಗೇ ಹಿಡಿಯುವುದು ಇನ್ನೊಂದು. ವ್ಯಾಪಾರದವರು ಇವಕ್ಕೆ ಎಲ್‌ಸಿಎಲ್, ಎಫ್‌ಸಿಎಲ್ ಎನ್ನುತ್ತಾರೆ. ನಾವು ಪಾಲಿನ ಪೆಟ್ಟಿಗೆ, ಪೂರ್ತಿ ಪೆಟ್ಟಿಗೆ ಎನ್ನೋಣ.

ಬಾಗಿಲ ಮೇಲೆ ಬರೆದ ಲೆಕ್ಕ

ಕಂಟೇನರ್ ಹೊತ್ತ ಲಾರಿ ಢಾಬಾದ ಮುಂದೆ ನಿಂತಾಗ ಅದರ ಹಿಂಬದಿಗೆ ಹೋಗಿ ನೋಡಿ. ಬಲಗಡೆಯ ಬಾಗಿಲ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ, ಏಳು ಅಂಕಿಗಳ ಒಂದು ನಂಬರು ಇರುತ್ತದೆ. ಅದರ ಕೆಳಗೆ ಬಿಳಿ ಬಣ್ಣದಲ್ಲಿ ನಾಲ್ಕು ಸಾಲು. ಮೊದಲನೆಯದು ಪೆಟ್ಟಿಗೆ ಮತ್ತು ಸರಕು ಸೇರಿ ಮೀರಬಾರದ ಒಟ್ಟು ತೂಕ, ಸಾಮಾನ್ಯವಾಗಿ 30,480 ಕಿಲೊ. ಎರಡನೆಯದು ಬರಿ ಪೆಟ್ಟಿಗೆಯ ತೂಕ. 20 ಅಡಿಯದಾದರೆ 2,200 ಕಿಲೊ ಆಸುಪಾಸು. ಮೂರನೆಯದು ಒಂದರಲ್ಲಿ ಇನ್ನೊಂದನ್ನು ಕಳೆದ ಲೆಕ್ಕ, ಅಂದರೆ ನೀವು ತುಂಬಬಹುದಾದ ತೂಕ. ಸುಮಾರು 28 ಟನ್. ಕೊನೆಯದು ಒಳಗಿನ ಜಾಗ. 33 ಘನ ಮೀಟರ್. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಜಾಗವೇ ಒಂದು ಘನ ಮೀಟರ್. ಈ ವ್ಯಾಪಾರದಲ್ಲಿ ಎಲ್ಲರೂ ‘ಸಿಬಿಎಂ’ ಎನ್ನುವುದು ಇದಕ್ಕೇ.

ಒಂದೇ ಪೆಟ್ಟಿಗೆಗೆ ಹೀಗೆ ಎರಡು ಮಿತಿ: ಹೊರುವ ಶಕ್ತಿಯದು, ಹಿಡಿಸುವ ಜಾಗದ್ದು. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಪೆಟ್ಟಿಗೆ ತುಂಬಿತು.

ಇಳಕಲ್ಲಿನ ಗ್ರಾನೈಟನ್ನು ಇದರೊಳಗೆ ಇಟ್ಟು ನೋಡೋಣ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಅಂದರೆ 27 ಟನ್ ಕಲ್ಲಿಗೆ ಬೇಕಾದ ಜಾಗ ಬರೀ 10 ಘನ ಮೀಟರ್. ಅದನ್ನು ಪೆಟ್ಟಿಗೆಯ ತಳದ ತುಂಬ ಸಮನಾಗಿ ಹರಡಿದರೆ ಎತ್ತರ 72 ಸೆಂಟಿಮೀಟರ್, ನಿಂತವರ ತೊಡೆಯ ಮಟ್ಟ. ಅದರ ಮೇಲೆ ಒಂದೂವರೆ ಮೀಟರಿಗೂ ಮಿಕ್ಕಿ ಖಾಲಿ ಗಾಳಿ. ಇಳಕಲ್ಲಿನ ಕಲ್ಲು ದೇಶಾಂತರ ಹೋಗುವಾಗ ಪೆಟ್ಟಿಗೆಯ ಮೂರರಲ್ಲಿ ಎರಡು ಪಾಲು ಗಾಳಿಯೇ ಜೊತೆಗೆ ಹೋಗುತ್ತದೆ.

ಇನ್ನೊಂದು ಚೋದ್ಯವಿದೆ. 40 ಅಡಿ ಪೆಟ್ಟಿಗೆಯೊಳಗೆ 67 ಘನ ಮೀಟರ್, ಅಂದರೆ ಇಮ್ಮಡಿ ಜಾಗ. ಆದರೆ ಒಟ್ಟು ತೂಕದ ಮಿತಿ ಅದಕ್ಕೂ 30,480 ಕಿಲೊ ಇದ್ದಾಗ, ಪೆಟ್ಟಿಗೆಯ ಸ್ವಂತ ತೂಕವೇ ಒಂದೂವರೆ ಟನ್ ಜಾಸ್ತಿ ಇರುವುದರಿಂದ ಕಲ್ಲು ಹಿಡಿಸುವುದು ಇನ್ನೂ ಕಡಿಮೆ! ಕಲ್ಲಿನ ವ್ಯಾಪಾರಿ ಚಿಕ್ಕ ಪೆಟ್ಟಿಗೆಯನ್ನೇ ಕೇಳುವುದು ಇದಕ್ಕಾಗಿ. ಹೋಗುವುದು ಅಮೆರಿಕಕ್ಕಾದರೆ ಅವನ ಕೈ ಇನ್ನೂ ಕಟ್ಟಿಹೋಗುತ್ತದೆ. ಅಲ್ಲಿಯ ಹೆದ್ದಾರಿಗಳಲ್ಲಿ ಗಾಡಿ, ಪೆಟ್ಟಿಗೆ, ಸರಕು ಎಲ್ಲ ಸೇರಿ 80,000 ಪೌಂಡ್ ಎಂಬ ಸಾಮಾನ್ಯ ಮಿತಿಯಿದೆ. ಅಂದರೆ 36 ಟನ್ ಚಿಲ್ಲರೆ. ಹಡಗು ಹೊರಲು ತಯಾರಿದ್ದರೂ ರಸ್ತೆ ಒಪ್ಪುವುದಿಲ್ಲ. ಅಲ್ಲಿಗೆ ಹೋಗುವ ಕಲ್ಲು 20 ಟನ್ ಆಸುಪಾಸಿಗೇ ನಿಲ್ಲಬೇಕಾಗುತ್ತದೆ.

ಮನೆ ಸಾಮಾನು ಹೊಟ್ಟಿನ ಜಾತಿ

ಈಗ ಮನೆಯ ಸಾಮಾನು. ಕಪಾಟು, ಫ್ರಿಜ್ಜು, ಸೋಫಾ, ಬಟ್ಟೆಯ ಡಬ್ಬ ಎಲ್ಲದರ ಹೊಟ್ಟೆಯಲ್ಲೂ ಗಾಳಿ. ಸಾಗಣೆಯವರು ತಲೆಮಾರುಗಳಿಂದ ಬಳಸುವ ಅಂದಾಜು ಒಂದಿದೆ: ಮನೆ ಸಾಮಾನು ಒಂದು ಘನ ಅಡಿಗೆ 7 ಪೌಂಡ್. ನಮ್ಮ ಲೆಕ್ಕದಲ್ಲಿ ಘನ ಮೀಟರಿಗೆ 110 ಕಿಲೊ ಚಿಲ್ಲರೆ. ಎಷ್ಟೇ ಜಾಣತನದಿಂದ ಜೋಡಿಸಿದರೂ ಸಂದುಗೊಂದು ಉಳಿಯುತ್ತದೆ. ಹಾಗಾಗಿ 20 ಅಡಿ ಪೆಟ್ಟಿಗೆಗೆ 28 ಘನ ಮೀಟರ್ ತುಂಬಿದ್ದೇ ಹೆಚ್ಚು ಅನ್ನಿ. ಬಾಗಿಲು ಒತ್ತಿ ಮುಚ್ಚಬೇಕಾದಷ್ಟು ತುಂಬಿದ ಆ ಪೆಟ್ಟಿಗೆಯಲ್ಲಿರುವ ಸಾಮಾನಿನ ತೂಕ ಸುಮಾರು 3 ಟನ್. ಹೊರಬಲ್ಲ 28 ಟನ್ನಿನ ಒಂಬತ್ತನೇ ಒಂದು ಪಾಲು!

ಹಡಗಿನವರಿಗೆ ಇಂಥ ಹಗುರ ಪೆಟ್ಟಿಗೆಗಳು ಬೇಕೇ ಬೇಕು. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಬಿದ್ದ ಎವರ್ ಗಿವನ್ ಹಡಗು ನೆನಪಿರಬಹುದು. 20 ಅಡಿಯ 20,000ಕ್ಕೂ ಹೆಚ್ಚು ಪೆಟ್ಟಿಗೆ ಇಡುವಷ್ಟು ಜಾಗ ಅದರಲ್ಲಿದೆ. ಆದರೆ ಅದು ಹೊರಬಲ್ಲ ತೂಕ ಸುಮಾರು 2 ಲಕ್ಷ ಟನ್. ಭಾಗಿಸಿ ನೋಡಿ, ಒಂದು ಪೆಟ್ಟಿಗೆಯ ಪಾಲಿಗೆ 10 ಟನ್ ಮಾತ್ರ. ಎಲ್ಲ ಪೆಟ್ಟಿಗೆಗೂ ಇಳಕಲ್ಲಿನ ಕಲ್ಲನ್ನೇ ತುಂಬಿದರೆ ಮೂರನೇ ಒಂದು ಭಾಗ ಏರಿಸುವಷ್ಟರಲ್ಲಿ ಹಡಗಿನ ಶಕ್ತಿ ಮುಗಿಯುತ್ತದೆ. ಅಂದರೆ ಒಬ್ಬರ ಕಲ್ಲು ಹಡಗು ಹತ್ತಬೇಕಾದರೆ ಪಕ್ಕದಲ್ಲಿ ಇನ್ನೊಬ್ಬರ ಕೌದಿ, ಕುರ್ಚಿ, ಆಟಿಕೆಗಳು ಇರಬೇಕು.

ನೀರೇ ಗೆರೆ

ಪೂರ್ತಿ ಪೆಟ್ಟಿಗೆ ಹಿಡಿದವರಿಗೆ ಮಿತಿಯೊಳಗೆ ಏನು ತುಂಬಿದರೂ ಬಾಡಿಗೆ ಹೆಚ್ಚುಕಡಿಮೆ ಒಂದೇ. ಪಾಲಿನ ಪೆಟ್ಟಿಗೆಯಲ್ಲಿ ಹಾಗಲ್ಲ, ಒಬ್ಬೊಬ್ಬರ ಪಾಲನ್ನೂ ಅಳೆಯಬೇಕು. ಜಾಗದಿಂದ ಅಳೆದರೆ ಕಲ್ಲಿನವನಿಗೆ ಲಾಭ, ತೂಕದಿಂದ ಅಳೆದರೆ ಕೌದಿಯವರಿಗೆ. ಇಬ್ಬರೂ ತಪ್ಪಿಸಿಕೊಳ್ಳದಂತೆ ವ್ಯಾಪಾರದವರು ಒಂದು ಉಪಾಯ ಮಾಡಿದ್ದಾರೆ. ನಿಮ್ಮ ಸಾಮಾನು ಎಷ್ಟು ಘನ ಮೀಟರ್ ಎಂದು ನೋಡುತ್ತಾರೆ, ಎಷ್ಟು ಟನ್ ಎಂದೂ ನೋಡುತ್ತಾರೆ. ಎರಡರಲ್ಲಿ ಯಾವ ಅಂಕಿ ದೊಡ್ಡದೋ ಅದಕ್ಕೆ ಬಾಡಿಗೆ.

ಒಂದು ಘನ ಮೀಟರಿಗೆ ಒಂದು ಟನ್ನನ್ನು ಸಮ ಮಾಡಿದ್ದಾರೆ. ಈ ಅಂಕಿಯನ್ನು ನಾವು ಬೇರೆಲ್ಲೋ ನೋಡಿದ್ದೇವಲ್ಲ? ಮನೆಯ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕಿನಲ್ಲಿ. ಅದರೊಳಗಿನ ನೀರಿನ ಗಾತ್ರ ಒಂದು ಘನ ಮೀಟರ್, ತೂಕ ಒಂದು ಟನ್. ಹಾಗಾದರೆ ಬಾಡಿಗೆಯ ನಿಯಮವನ್ನು ಅಂಕಿಯೇ ಇಲ್ಲದೆ ಹೇಳಬಹುದು. ಕಟ್ಟಿದ ಡಬ್ಬವನ್ನು ನೀರು ಒಳಗೆ ಸೋರದ ಹಾಗೆ ಮುಚ್ಚಿ ಕೆರೆಗೆ ಬಿಟ್ಟರೆ ತೇಲುತ್ತದೆಯೇ? ಅದಕ್ಕೆ ಜಾಗದ ಬಾಡಿಗೆ. ಮುಳುಗುತ್ತದೆಯೇ? ತೂಕದ ಬಾಡಿಗೆ. ಇಳಕಲ್ಲಿನ ಗ್ರಾನೈಟು ಮುಳುಗುತ್ತದೆ, ಬಾದಾಮಿಯ ಮರಳುಗಲ್ಲೂ ಮುಳುಗುತ್ತದೆ. ಕಪಾಟು, ಮಂಚ, ಕೌದಿ, ಇಳಕಲ್ ಸೀರೆಯ ಗಂಟು, ಫ್ರಿಜ್ಜು ಎಲ್ಲ ತೇಲುವ ಪೈಕಿ.

ರಾಮಥಾಳದವರಿಗೆ ನೀರಿನ ಲೆಕ್ಕ ಹೊಸದಲ್ಲ. 24,000 ಹೆಕ್ಟೇರ್ ಎರಿ ಹೊಲಕ್ಕೆ ಹನಿ ನೀರಾವರಿ ಕೊಡಲು ರೂಪಿಸಿದ ರಾಮಥಾಳ-ಮರೋಳ ಯೋಜನೆಯಿಂದ ಊರಿನ ಹೆಸರು ಇಸ್ರೇಲಿನವರೆಗೂ ಹೋಗಿದೆ. ಆ ಹೊಲಗಳಲ್ಲಿ ಹಾಸಿದ ಕಪ್ಪು ಪೈಪಿನ ಒಂದು ಸುರುಳಿಯನ್ನೇ ತೆಗೆದುಕೊಳ್ಳಿ. ಎತ್ತಿದರೆ ಒಬ್ಬನ ಭುಜಕ್ಕೆ ಹಗುರ. ಆದರೆ ಪೈಪಿನೊಳಗೆ ಗಾಳಿ, ಸುರುಳಿಯ ನಡುವೆ ಗಾಳಿ, ದುಂಡನೆಯ ಸುರುಳಿಯನ್ನು ಚೌಕದೊಳಗೆ ಇಟ್ಟಾಗ ನಾಲ್ಕು ಮೂಲೆಯಲ್ಲೂ ಗಾಳಿ. ಅಳತೆ ಮಾಡುವವರು ವಸ್ತುವಿನ ಆಕಾರ ನೋಡುವುದಿಲ್ಲ. ಅತಿ ಚಾಚಿದ ತುದಿಯಿಂದ ತುದಿಗೆ ಟೇಪು ಹಿಡಿದು ಮೂರು ಅಳತೆಗಳನ್ನು ಗುಣಿಸುತ್ತಾರೆ. ಕಾಲು ಬಿಚ್ಚದ ಮೇಜಿನ ಅಡಿಯಲ್ಲಿರುವ ಖಾಲಿ ಜಾಗವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ವಿಮಾನದ ಚಾಳಿ ಬಿಡಿ

ಇಲ್ಲಿಂದ ಒಂದು ವಿಚಿತ್ರ ಫಲ ಹುಟ್ಟುತ್ತದೆ. ನಾವು ವಿಮಾನದಲ್ಲಿ ಓಡಾಡಿ ‘23 ಕಿಲೊ ಮೀರಬಾರದು’ ಎಂಬ ಹೆದರಿಕೆಯನ್ನು ಮೈಗೂಡಿಸಿಕೊಂಡವರು. ಮನೆ ಸಾಗಿಸುವಾಗಲೂ ತೂಕದ ವಸ್ತುಗಳನ್ನೇ ಮೊದಲು ಕೈಬಿಡುತ್ತೇವೆ. ‘ಬೀಸುಕಲ್ಲು ಬ್ಯಾಡವಾ, ಭಾಳ ವಜ್ಜ ಆಕ್ಕೇತಿ’ ಎಂದು ಅವ್ವನೇ ಹೇಳುತ್ತಾಳೆ. ಸೋಫಾ ಮಾತ್ರ ಹೊಸದು, ಬಿಡಲು ಮನಸ್ಸಿಲ್ಲ.

ಲೆಕ್ಕ ಹಾಕಿ. 40 ಸೆಂಟಿಮೀಟರ್ ಅಡ್ಡಗಲದ, ಮೇಲಿನದು ಕೆಳಗಿನದು ಸೇರಿ 20 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಬೀಸುಕಲ್ಲು ಸುಮಾರು 68 ಕಿಲೊ ತೂಗುತ್ತದೆ. ವಿಮಾನದಲ್ಲಾದರೆ ಮೂರು ಬ್ಯಾಗಿನ ತೂಕ. ಹಡಗಿನ ಪೆಟ್ಟಿಗೆಯಲ್ಲಿ, ಮೆತ್ತೆ ಸುತ್ತಿ ಡಬ್ಬಕ್ಕೆ ಹಾಕಿದರೂ ಅದು ಕೂರುವ ಜಾಗ ಒಂದು ಘನ ಮೀಟರಿನ ಇಪ್ಪತ್ತನೇ ಒಂದು ಪಾಲು. ಕಲ್ಲೊಂದನ್ನೇ ಕಳಿಸಿದರೆ ತೂಕದ ಬಾಡಿಗೆ ಬೀಳುತ್ತದೆ, ನಿಜ. ಆದರೆ ಅದು 12 ಘನ ಮೀಟರ್ ಮನೆ ಸಾಮಾನಿನ ಜೊತೆ ಹೊರಟಿದೆ. ಆ ಸಾಮಾನಿನ ತೂಕ ಒಂದೂವರೆ ಟನ್ನನ್ನೂ ಮುಟ್ಟಿಲ್ಲ. ನೀವು ಹಣ ಕೊಡುತ್ತಿರುವುದು 12ಕ್ಕೆ. ಇನ್ನೂ ಹತ್ತು ಟನ್ ತೂಕ ನಿಮಗೆ ಬಿಟ್ಟಿ! ಮೂರು ಜನ ಕೂರುವ ಸೋಫಾ 50 ಕಿಲೊ ಇರಬಹುದು. ಆದರೆ ಅದು ನುಂಗುವುದು ಒಂದೂವರೆ ಘನ ಮೀಟರ್. ಆ ಜಾಗದಲ್ಲಿ 30 ಬೀಸುಕಲ್ಲು ಹಿಡಿಸುತ್ತವೆ.

ಹಾಗಾಗಿ ಹಡಗಿಗೆ ಸಾಮಾನು ಆರಿಸುವ ಕ್ರಮವೇ ತಿರುವುಮುರುವು. ಪುಸ್ತಕ, ಹಿತ್ತಾಳೆ ಪಾತ್ರೆ, ಕಬ್ಬಿಣದ ಹಂಚು, ಬೀಸುಕಲ್ಲು ಒಯ್ಯಿರಿ. ಸೋಫಾ, ಪ್ಲಾಸ್ಟಿಕ್ ಕುರ್ಚಿ, ಖಾಲಿ ಸೂಟ್‌ಕೇಸು ಬಿಡಿ. ಸೂಟ್‌ಕೇಸು ಬಿಡಲಾಗದಿದ್ದರೆ ಅದರೊಳಗೆ ಏನಾದರೂ ತುಂಬಿ. ಕೌದಿಗೆ ಬೇರೆ ಡಬ್ಬ ಬೇಡ. ಮಡಿಸಿ ಡಬ್ಬಕ್ಕೆ ಹಾಕಿದರೆ ಅದು ಜಾಗ ತಿನ್ನುತ್ತದೆ. ಟಿವಿಗೂ ಕಪಾಟಿನ ಕನ್ನಡಿಗೂ ಸುತ್ತಿದರೆ, ಹೇಗೂ ದುಡ್ಡು ಕೊಟ್ಟು ತರಬೇಕಿದ್ದ ಥರ್ಮಾಕೋಲಿನ ಕೆಲಸ ಮಾಡುತ್ತದೆ. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ಹೊಲಿದ ಕೌದಿ ಪೆಟ್ಟನ್ನು ಹೀರಿಕೊಳ್ಳುವುದರಲ್ಲಿ ಯಾವ ಬಬಲ್ ಶೀಟಿಗೂ ಕಡಿಮೆಯಿಲ್ಲ. ಒಂದು ಎಚ್ಚರ: ಕಲ್ಲು ಎಲ್ಲಕ್ಕಿಂತ ಕೆಳಗಿರಲಿ, ಡಬ್ಬದ ಮೇಲೆ ತೂಕ ಬರೆದಿರಲಿ. ಎತ್ತುವವನ ಸೊಂಟ ಬಿಟ್ಟಿಯಲ್ಲ.

ಟಂಟಂ ಮತ್ತು ಸ್ಪೆಷಲ್

ಪಾಲೋ ಪೂರ್ತಿಯೋ ಎಂಬ ಪ್ರಶ್ನೆಗೆ ಈಗ ಬರಬಹುದು. ಹುನಗುಂದದ ಬಸ್‌ಸ್ಟ್ಯಾಂಡಿನ ಹೊರಗೆ ನಿಂತ ಟಂಟಂ ಇದನ್ನು ದಿನಾ ಕಲಿಸುತ್ತದೆ. ‘ಇನ್ನ ನಾಕ್ ಮಂದಿ ಬರ್ಲಿ, ಬಿಡ್ತೀನ್ರೀ’ ಎನ್ನುತ್ತಾನೆ ಡ್ರೈವರು. ಸೀಟಿನ ಲೆಕ್ಕದಲ್ಲಿ ಹೋದರೆ ಅಗ್ಗ, ಆದರೆ ಗಾಡಿ ತುಂಬುವವರೆಗೆ ಕಾಯಬೇಕು, ನಡುವೆ ಎಲ್ಲರೂ ಇಳಿಯುವಲ್ಲಿ ನಿಲ್ಲಬೇಕು. ಸ್ಪೆಷಲ್ ಮಾಡಿಸಿದರೆ ಒಬ್ಬನೇ ಕೂತರೂ ಪೂರ್ತಿ ದುಡ್ಡು. ಮನೆಮಂದಿ ಐದಾರು ಜನರಾದಾಗ, ಗಾಡಿಯಲ್ಲಿ ಇನ್ನೂ ಸೀಟು ಉಳಿದಿದ್ದರೂ, ಸ್ಪೆಷಲ್ಲೇ ವಾಸಿ ಅನ್ನಿಸುತ್ತದೆ. ಗಾಡಿ ಪೂರ್ತಿ ತುಂಬುವ ಮೊದಲೇ ಹೀಗೇಕೆ? ಏಕೆಂದರೆ ಸೀಟಿನ ದರದಲ್ಲಿ ಡ್ರೈವರು ಖಾಲಿ ಉಳಿಯಬಹುದಾದ ಸೀಟುಗಳ ನಷ್ಟವನ್ನೂ ಸೇರಿಸಿಯೇ ಇಟ್ಟಿರುತ್ತಾನೆ.

ಪೆಟ್ಟಿಗೆಯಲ್ಲೂ ಅದೇ. ಬಂದರಿನ ಕ್ರೇನು ಒಂದು ಪೆಟ್ಟಿಗೆಯನ್ನು ಒಂದೇ ಸಲಕ್ಕೆ ಎತ್ತುತ್ತದೆ. ಒಳಗೆ ಕಲ್ಲಿದೆಯೋ ಕೌದಿಯಿದೆಯೋ ಅದಕ್ಕೆ ಬೇಡದ ಮಾತು. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದಾಗ ಆದ ಉಳಿತಾಯದ ಗುಟ್ಟೇ ಇದು. ಬಿಡಿ ಸರಕನ್ನು ಕೈಯಿಂದ ಹಡಗಿಗೆ ತುಂಬಲು ಟನ್ನಿಗೆ 5.86 ಡಾಲರ್ ಬೀಳುತ್ತಿದ್ದ ಕಾಲದಲ್ಲಿ ಅವನ ಲೆಕ್ಕ 16 ಸೆಂಟಿಗೆ ಇಳಿಯಿತು. ಸಾಮಾನನ್ನು ಮುಟ್ಟದೆ ಪೆಟ್ಟಿಗೆಯನ್ನೇ ಎತ್ತಿಟ್ಟದ್ದರಿಂದ ಬಂದ ಲಾಭವದು. ಪಾಲಿನ ಪೆಟ್ಟಿಗೆಯೋ, ಆ ಲಾಭವನ್ನು ಅರ್ಧ ಬಿಟ್ಟುಕೊಟ್ಟಂತೆ. ಬಂದರಿನ ಹತ್ತಿರದ ಗೋದಾಮಿನಲ್ಲಿ ಹತ್ತಾರು ಜನರ ಸಾಮಾನನ್ನು ಕೈಯಿಂದ ಜೋಡಿಸಬೇಕು, ಆ ತುದಿಯಲ್ಲಿ ಮತ್ತೆ ಕೈಯಿಂದಲೇ ಬೇರ್ಪಡಿಸಬೇಕು, ಒಬ್ಬೊಬ್ಬರಿಗೂ ಬೇರೆ ಕಾಗದ.

ಒಂದು ಕಲ್ಪಿತ ಲೆಕ್ಕ. ಪೂರ್ತಿ ಪೆಟ್ಟಿಗೆಯ ಬಾಡಿಗೆ 100 ಎನ್ನಿ. ಪಾಲು ಮಾರುವವನು 33 ಘನ ಮೀಟರಿನಲ್ಲಿ 25ನ್ನಷ್ಟೇ ತುಂಬಬಲ್ಲ. ಅಲ್ಲಿಗೆ ಘನ ಮೀಟರಿಗೆ 4 ಬಿತ್ತು. ಎರಡೂ ತುದಿಯ ಗೋದಾಮು, ಕೂಲಿ, ಕಾಗದಕ್ಕೆ ಇನ್ನೊಂದು 2. ತುಂಬದೆ ಹೋಗುವ ವಾರಗಳ ನಷ್ಟಕ್ಕೂ ಲಾಭಕ್ಕೂ 1. ಒಟ್ಟು 7. ನಿಮ್ಮದು 10 ಘನ ಮೀಟರ್ ಇದ್ದರೆ 70 ಕೊಟ್ಟು ಪಾಲು ತೆಗೆದುಕೊಳ್ಳಿ. 14 ದಾಟುತ್ತಿದ್ದಂತೆ ಪಾಲಿನ ಲೆಕ್ಕ ನೂರರ ಗಡಿ ಮುಟ್ಟುತ್ತದೆ. 20 ಇದ್ದರೆ 140, ಶುದ್ಧ ದಂಡ. ಸಾಗಣೆಯವರು ‘13-15 ಸಿಬಿಎಂ ಆದ್ರೆ ಫುಲ್ ಹಿಡೀರಿ’ ಎನ್ನುವ ರೂಢಿಯ ಮಾತು ಹುಟ್ಟಿದ್ದು ಇಂಥ ಲೆಕ್ಕದಿಂದಲೇ. ಪೆಟ್ಟಿಗೆ ಅರ್ಧ ಖಾಲಿ ಹೋದರೂ ಅದೇ ಅಗ್ಗ.

ಆದರೆ ಆ 14 ಕಲ್ಲಿನ ಮೇಲೆ ಕೊರೆದ ಅಂಕಿಯಲ್ಲ. ಕೊರೋನಾ ಕಾಲದ 2021ರಲ್ಲಿ ಜಗತ್ತಿನ ಹಡಗು ಬಾಡಿಗೆ ಗಗನಕ್ಕೇರಿ, 40 ಅಡಿ ಪೆಟ್ಟಿಗೆಯ ಸರಾಸರಿ 10,000 ಡಾಲರ್ ದಾಟಿತ್ತು. ಬಾಡಿಗೆ ಮೂರು ಪಟ್ಟಾದರೂ ಗೋದಾಮಿನ ಕೂಲಿ ಮೂರು ಪಟ್ಟಾಗುವುದಿಲ್ಲ. ನಮ್ಮ ಲೆಕ್ಕದಲ್ಲಿ 100ನ್ನು 300 ಮಾಡಿ, 4ನ್ನು 12 ಮಾಡಿ, 1ನ್ನು 3 ಮಾಡಿ. ಕೂಲಿಯ 2 ಹಾಗೇ ಇರಲಿ. ಘನ ಮೀಟರಿಗೆ 17 ಆಗುತ್ತದೆ, ಗಡಿ 18ರ ಹತ್ತಿರ ಸರಿಯುತ್ತದೆ. ಬಾಡಿಗೆ ಅರ್ಧಕ್ಕೆ ಇಳಿದರೆ ಗಡಿ 11ಕ್ಕೆ ಬರುತ್ತದೆ. ಹಡಗು ದುಬಾರಿಯಾದಾಗ ಪಾಲು ಹೆಚ್ಚು ಜನಕ್ಕೆ ಒಪ್ಪುತ್ತದೆ. ಅಗ್ಗವಾದಾಗ ಸ್ವಲ್ಪ ಸಾಮಾನಿದ್ದವರೂ ಪೂರ್ತಿ ಪೆಟ್ಟಿಗೆ ಹಿಡಿಯಬಹುದು. ಐದು ವರ್ಷದ ಹಿಂದೆ ಹೋದ ಗೆಳೆಯನ ಸಲಹೆ ಇವತ್ತಿಗೆ ಹೊಂದಬೇಕೆಂದೇನೂ ಇಲ್ಲ.

ಗುರುತಿಲ್ಲದ ನೆರೆಯವರು

ದುಡ್ಡಿನ ಲೆಕ್ಕ ಮುಗಿದ ಮೇಲೂ ಪಾಲಿನ ಪೆಟ್ಟಿಗೆಯಲ್ಲಿ ಒಂದು ತೊಡಕು ಉಳಿಯುತ್ತದೆ: ನಿಮ್ಮ ಪಕ್ಕದಲ್ಲಿ ಯಾರ ಸಾಮಾನು ಕೂತಿದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಮೊದಲನೆಯದು ನೀರಾವಿ. ಮಂಗಳೂರಿನ ಸೆಕೆಯಲ್ಲಿ ಮುಚ್ಚಿದ ಪೆಟ್ಟಿಗೆ ಯುರೋಪಿನ ಚಳಿಗೆ ಹೋದಾಗ ಉಕ್ಕಿನ ಚಾವಣಿ ತಣ್ಣಗಾಗಿ ಅದರ ಒಳಮೈಗೆ ಹನಿಗಟ್ಟುತ್ತದೆ, ಕೆಳಗಿನ ಸಾಮಾನಿನ ಮೇಲೆ ತೊಟ್ಟಿಕ್ಕುತ್ತದೆ. ನಾವಿಕರು ಇದನ್ನು ಕಂಟೇನರ್ ಮಳೆ ಎನ್ನುತ್ತಾರೆ. ಆ ನೀರು ಬರುವುದು ಎಲ್ಲಿಂದ? ಒಳಗಿನ ಗಾಳಿಯಿಂದಲೇ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿದರೆ 30 ಡಿಗ್ರಿಯಲ್ಲಿ ತೇವ ತುಂಬಿದ 33 ಘನ ಮೀಟರ್ ಗಾಳಿ 10 ಡಿಗ್ರಿಗೆ ಇಳಿದಾಗ ಬಿಡುವ ನೀರು ಮುಕ್ಕಾಲು ಲೀಟರನ್ನೂ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಬರುವುದು ಮರದಿಂದ, ರಟ್ಟಿನಿಂದ. ಹಸಿ ಹಲಗೆಯ ಒಂದು ಗೂಡು ದಾರಿಯುದ್ದಕ್ಕೂ ಲೀಟರುಗಟ್ಟಲೆ ತೇವ ಬಿಡುತ್ತಿರುತ್ತದೆ. ಹೊರದೇಶಕ್ಕೆ ಹೋಗುವ ಪ್ಯಾಕಿಂಗ್ ಮರವನ್ನು ಅದರ ತಿರುಳು 56 ಡಿಗ್ರಿ ಮುಟ್ಟುವಂತೆ 30 ನಿಮಿಷ ಕಾಯಿಸಿ ಮುದ್ರೆ ಒತ್ತಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಅದು ಹುಳ ಕೊಲ್ಲಲು ಸಾಕು, ಮರ ಒಣಗಿಸಲು ಸಾಲದು. ಪೂರ್ತಿ ಪೆಟ್ಟಿಗೆಯಲ್ಲಿ ಒಣ ಮರವನ್ನೇ ಬಳಸಿ, ತೇವ ಹೀರುವ ಚೀಲಗಳನ್ನು ತೂಗುಹಾಕಿ ನಿಶ್ಚಿಂತೆಯಿಂದ ಇರಬಹುದು. ಪಾಲಿನದರಲ್ಲಿ ಪಕ್ಕದವನ ಹಸಿ ಹಲಗೆಯ ನೀರು ನಿಮ್ಮ ಇಳಕಲ್ ಸೀರೆಯ ಮೇಲೆ ಬೀಳಬಹುದು. ಸೀರೆ, ಕಾಗದಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಬ್ಬದ ನಡುವೆ ಇಡುವುದೊಂದೇ ದಾರಿ.

ಎರಡನೆಯದು ತಪಾಸಣೆ. ಕಸ್ಟಮ್ಸಿನವರು ಯಾರದೋ ಒಂದು ಡಬ್ಬದ ಮೇಲೆ ಅನುಮಾನಪಟ್ಟು ಪೆಟ್ಟಿಗೆಯನ್ನು ತಡೆದರೆ ಎಲ್ಲರ ಸಾಮಾನೂ ನಿಲ್ಲುತ್ತದೆ.

ಮೂರನೆಯದು ಅಪರೂಪದ್ದಾದರೂ ಸ್ವಾರಸ್ಯದ್ದು. ಹಡಗು ಅಪಾಯಕ್ಕೆ ಸಿಕ್ಕಿ, ಅದನ್ನು ಉಳಿಸಲು ಖರ್ಚಾದರೆ ಆ ಖರ್ಚನ್ನು ಹಡಗಿನವರ ಜೊತೆ ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕು ಎಂಬುದು ಸಮುದ್ರದ ಬಹು ಪುರಾತನ ಕಾನೂನು. ಎವರ್ ಗಿವನ್ ಬಿಡಿಸಿಕೊಂಡ ಮೇಲೆ ಅದರ ಮಾಲೀಕರು ಇದನ್ನೇ ಜಾರಿ ಮಾಡಿದರು. ತಮ್ಮ ಪಾಲಿನ ಖರ್ಚಿಗೆ ಗ್ಯಾರಂಟಿ ಕೊಟ್ಟವರಿಗಷ್ಟೇ ಸರಕು ಸಿಗುತ್ತದೆ. ಪೂರ್ತಿ ಪೆಟ್ಟಿಗೆಯವರು ತಮ್ಮ ಗ್ಯಾರಂಟಿ ಕೊಟ್ಟು ಪೆಟ್ಟಿಗೆ ಬಿಡಿಸಿಕೊಂಡು ಹೋಗುತ್ತಾರೆ. ಪಾಲಿನ ಪೆಟ್ಟಿಗೆಯಲ್ಲಾದರೆ ಒಳಗಿರುವ ಎಲ್ಲರೂ ಕೊಡುವವರೆಗೆ ಕಾಯಬೇಕಾಗಿ ಬರಬಹುದು. ವಿಮೆ ಮಾಡಿಸಿದ್ದರೆ ಈ ಗ್ಯಾರಂಟಿಯನ್ನು ವಿಮಾ ಕಂಪನಿಯೇ ಕೊಡುತ್ತದೆ. ಸಾಗರ ವಿಮೆ ದಂಡದ ಖರ್ಚಲ್ಲ ಎನ್ನಲು ನನಗಿರುವ ಮುಖ್ಯ ಕಾರಣ ಇದು.

ಇಷ್ಟರಿಂದ ಪೂರ್ತಿ ಪೆಟ್ಟಿಗೆ ವಜ್ರಕವಚ ಎಂದುಕೊಳ್ಳಬೇಡಿ. 2007ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡಲು ಬಿರಿದ ಎಂಎಸ್‌ಸಿ ನಾಪೊಲಿ ಹಡಗನ್ನು ಇಂಗ್ಲೆಂಡಿನ ಬ್ರಾನ್ಸ್‌ಕೂಂಬ್ ಎಂಬಲ್ಲಿ ದಡದ ಹತ್ತಿರ ನೆಲಕ್ಕೆ ತಾಗಿಸಿ ನಿಲ್ಲಿಸಿದರು. ದಡಕ್ಕೆ ತೇಲಿ ಬಂದ ಪೆಟ್ಟಿಗೆಗಳನ್ನು ಜನ ಒಡೆದು ದೋಚಿದರು. ಬಿಎಂಡಬ್ಲ್ಯೂ ಬೈಕು, ವೈನಿನ ಪೀಪಾಯಿಗಳ ಜೊತೆಗೆ ದಕ್ಷಿಣ ಆಫ್ರಿಕಾಕ್ಕೆ ಸಾಗುತ್ತಿದ್ದ ಸ್ವೀಡನ್ನಿನ ಒಂದು ಕುಟುಂಬದ ಮನೆ ಸಾಮಾನೂ ಅಲ್ಲಿ ಚೆಲ್ಲಾಪಿಲ್ಲಿಯಾಯಿತು. ಡೆಕ್ಕಿನ ಮೇಲಿದ್ದ ಪೆಟ್ಟಿಗೆಗಳನ್ನು ಆಮೇಲೆ ತೂಗಿ ನೋಡಿದರೆ ಐದರಲ್ಲೊಂದರ ತೂಕಕ್ಕೂ ಕಾಗದದಲ್ಲಿ ಬರೆದದ್ದಕ್ಕೂ ಮೂರು ಟನ್ನಿಗಿಂತ ಹೆಚ್ಚು ವ್ಯತ್ಯಾಸ! ಹಡಗು ಮುರಿದದ್ದಕ್ಕೆ ಅದರ ಒಡಲಿನ ದೌರ್ಬಲ್ಯವೇ ಮುಖ್ಯ ಕಾರಣವಾಗಿತ್ತು. ಆದರೂ ಇಂಥ ಸುಳ್ಳು ತೂಕಗಳು ಎಲ್ಲರ ಕಣ್ಣು ತೆರೆಸಿದವು. 2016ರ ಜುಲೈ 1ರಿಂದ, ತೂಕ ಪರೀಕ್ಷಿಸಿ ದೃಢಪಡಿಸದ ಪೆಟ್ಟಿಗೆಯನ್ನು ಹಡಗಿಗೆ ಹತ್ತಿಸುವಂತಿಲ್ಲ.

ರಾಮಥಾಳದ ಓಣಿಗೆ ಕಂಟೇನರ್ ಬಂದೀತೇ?

ಕಂಟೇನರ್ ಹೊತ್ತ ಟ್ರೇಲರಿನ ಎತ್ತರ ನಾಲ್ಕು ಮೀಟರ್ ಮುಟ್ಟುತ್ತದೆ. ಹಳ್ಳಿಯ ಓಣಿಯಲ್ಲಿ ಜೋತುಬಿದ್ದ ಕರೆಂಟಿನ ತಂತಿ, ತಿರುವಿನ ಕಟ್ಟೆ ಅದನ್ನು ಒಳಗೆ ಬಿಡುವುದಿಲ್ಲ. ಮನೆಯಿಂದ ಸಾಮಾನ್ಯ ಲಾರಿಯಲ್ಲಿ ಸಾಮಾನು ಹೊರಡಿಸಿ, ಬೆಂಗಳೂರಿನ ವೈಟ್‌ಫೀಲ್ಡಿನಂಥ ಒಳನಾಡಿನ ಕಂಟೇನರ್ ಡಿಪೋದಲ್ಲೋ ಬಂದರಿನ ಹತ್ತಿರದ ಗೋದಾಮಿನಲ್ಲೋ ತುಂಬಿಸುವುದೇ ನಮ್ಮ ಕಡೆಯವರಿಗೆ ಸಾಧ್ಯವಾಗುವ ಕ್ರಮ. ಇದರಲ್ಲಿ ಪೂರ್ತಿ ಪೆಟ್ಟಿಗೆಯ ಒಂದು ಲಾಭ ಸೋರಿಹೋಗುತ್ತದೆ: ಮನೆ ಬಾಗಿಲಲ್ಲಿ ಬೀಗ ಹಾಕಿ ಆ ದೇಶದ ಮನೆ ಬಾಗಿಲಲ್ಲೇ ತೆಗೆಯುವ ಸುಖ. ಇದ್ದುದರಲ್ಲಿ, ತುಂಬುವಾಗ ಮನೆಯವರೊಬ್ಬರು ಎದುರಿಗೆ ನಿಂತು ಸೀಲಿನ ನಂಬರು ಬರೆದುಕೊಳ್ಳಬಹುದು. ಪಾಲು ಬೇಕೆಂದರೆ ಹತ್ತಿರದ ಬಂದರಿಗಿಂತ ದೊಡ್ಡ ಬಂದರು ಲೇಸು. ಇಳಕಲ್ಲಿನಿಂದ ಮಂಗಳೂರು 400 ಕಿಲೊಮೀಟರಿಗೂ ಮಿಕ್ಕಿದ ದಾರಿ, ಚೆನ್ನೈ ಮತ್ತು ಮುಂಬಯಿಯ ನ್ಹಾವಾ ಶೇವಾ ಇನ್ನೂ ದೂರ. ಆದರೆ ಹೆಚ್ಚು ಸರಕು ಸೇರುವ ಕಡೆ ಪಾಲಿನ ಪೆಟ್ಟಿಗೆ ಬೇಗ ತುಂಬುತ್ತದೆ, ಕಾಯುವ ದಿನ ಕಡಿಮೆ.

ನನ್ನನ್ನು ಕೇಳಿದರೆ, ಒಂದು ರವಿವಾರ ಟೇಪು ಹಿಡಿದು ಒಯ್ಯುವ ಪ್ರತಿಯೊಂದನ್ನೂ ಅಳೆದು ಗುಣಿಸಿ ಕೂಡಿಸಿ. ಕಬ್ಬಿಣದ ಕಪಾಟು ಸುಮಾರು 0.9 ಘನ ಮೀಟರ್, ಮೋಟರ್‌ಬೈಕು 1.7, ಸಾಧಾರಣ ರಟ್ಟಿನ ಡಬ್ಬ ಹನ್ನೆರಡು ಸೇರಿದರೆ ಒಂದು. ಮೊತ್ತ ಹತ್ತರೊಳಗಿದ್ದರೆ ಪಾಲು ಹಿಡಿಯಿರಿ. ಹದಿನೈದು ದಾಟಿದರೆ ಕಣ್ಣುಮುಚ್ಚಿ ಪೂರ್ತಿ. ನಡುವೆ ಸಿಕ್ಕಿಕೊಂಡವರು ಎರಡಕ್ಕೂ ಕೊಟೇಶನ್ ತರಿಸಿ. ತರಿಸುವಾಗ ಸೋಫಾ ಬಿಟ್ಟರೆ ಎಷ್ಟು, ಇಟ್ಟರೆ ಎಷ್ಟು ಎಂದೂ ಕೇಳಿ. ಪಾಲಿನ ದರ ಇಲ್ಲಿ ಅಗ್ಗವಾಗಿ ಕಂಡು, ಆ ಬಂದರಿನಲ್ಲಿ ಗೋದಾಮಿನ ಬಿಲ್ಲು ಬೇರೆಯಾಗಿ ಬರುವುದುಂಟು. ಆ ತುದಿಯ ಖರ್ಚು ಏನೇನು, ಯಾರು ಕೊಡುವವರು ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.